ಮಸ್ಕಿಗೆ ವಯಸ್ಸೆಷ್ಟು ಎಂಬ ಪ್ರಶ್ನೆ

2025ರಲ್ಲಿ ಮಸ್ಕಿಯ ಉತ್ಖನನದ ಸುದ್ದಿ ಪತ್ರಿಕೆಗಳಲ್ಲಿ ಬಂದಾಗ ಹೆಚ್ಚುಕಡಿಮೆ ಎಲ್ಲ ಕಡೆಯೂ ಒಂದೇ ಮಾತು ದಪ್ಪಕ್ಷರದಲ್ಲಿತ್ತು: ಇಲ್ಲಿ ನಾಲ್ಕು ಸಾವಿರ ವರ್ಷಗಳ ಹಿಂದೆಯೇ ಜನ ವಾಸವಾಗಿದ್ದರು. ಅಗೆದವರು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಆಂಡ್ರ್ಯೂ ಬಾವರ್, ಮೆಕ್‌ಗಿಲ್‌ನ ಪೀಟರ್ ಜೊಹಾನ್ಸನ್, ಶಿವ ನಾಡರ್ ವಿಶ್ವವಿದ್ಯಾಲಯದ ಹೇಮಂತ್ ಕಡಂಬಿ ಇವರ ತಂಡ. ಮಲ್ಕಾಜ್‌ಗಿರಿಯಲ್ಲಿರುವ ನಮ್ಮ ರಾಯಚೂರು ಕಡೆಯ ನಾಲ್ಕಾರು ಮನೆಗಳಲ್ಲಿ ಆ ವಾರ ಇದೇ ಮಾತು. ಊರಿನಿಂದ ನಮ್ಮ ಕಾಕಾ ಫೋನ್ ಮಾಡಿ, "ಮಸ್ಕ್ಯಾಗ ಏನೋ ಸಿಕ್ಕೈತಂತಲ್ಲಪಾ, ಬಂಗಾರೇನು?" ಎಂದು ಕೇಳಿದರು. ಇಲ್ಲಿನ ಗೆಳೆಯರು ಕೇಳಿದ್ದು ಬೇರೆ: "ಹಾಗಾದ್ರೆ ನಾವು ತಮಿಳರಿಗಿಂತ ಹಳಬರಾ?"

ಎರಡರಲ್ಲಿ ಕಾಕಾನ ಪ್ರಶ್ನೆಯೇ ಮಸ್ಕಿಗೆ ಹೆಚ್ಚು ಹತ್ತಿರದ್ದು. 1915ರಲ್ಲಿ ಅಶೋಕನ ಶಾಸನ ಅಲ್ಲಿ ಕಣ್ಣಿಗೆ ಬಿದ್ದದ್ದು ಸಿ. ಬೀಡನ್ ಎಂಬ ಗಣಿ ಎಂಜಿನಿಯರನಿಗೆ. ಅವನು ಆ ಸೀಮೆಯಲ್ಲಿ ತಿರುಗುತ್ತಿದ್ದದ್ದು ಬಂಗಾರದ ಕೆಲಸಕ್ಕಾಗಿ. ಹತ್ತಿರದ ಹಟ್ಟಿಯಲ್ಲಿ ಪ್ರಾಚೀನರು ನೂರಾರು ಅಡಿ ಆಳಕ್ಕೆ ಬಂಡೆ ಸೀಳಿ ಇಳಿದ ಕುರುಹುಗಳಿದ್ದವು. ಇನ್ನೊಂದು, ಇವತ್ತು ನಾನು ಬಾಡಿಗೆ ಕೊಟ್ಟು ಬದುಕುತ್ತಿರುವ ಈ ಊರೇ ಆಗ ಮಸ್ಕಿಯ ರಾಜಧಾನಿ. ಶಾಸನವನ್ನು ಎಚ್. ಕೃಷ್ಣಶಾಸ್ತ್ರಿಗಳು ಓದಿ ಬರೆದ ಪುಸ್ತಿಕೆ ಅದೇ ವರ್ಷ ನಿಜಾಮ ಸರ್ಕಾರದ ಹೈದರಾಬಾದ್ ಪುರಾತತ್ವ ಮಾಲೆಯ ಮೊದಲ ಸಂಚಿಕೆಯಾಗಿ ಹೊರಬಂತು. ಕೊಪ್ಪಳದ ಗವಿಮಠ ಮತ್ತು ಪಾಲ್ಕಿಗುಂಡಿನ ಅಶೋಕ ಶಾಸನಗಳ ಪುಸ್ತಕವೂ 1932ರಲ್ಲಿ ಅದೇ ಮಾಲೆಯಲ್ಲಿ ಬಂತು. ಕನ್ನಡ ನೆಲದ ಪ್ರಾಚೀನತೆಯ ದೊಡ್ಡದೊಂದು ಭಾಗ ಮೊದಲು ಇಂಗ್ಲಿಷಿನಲ್ಲಿ, ಉರ್ದು ಆಡಳಿತದ ಊರಿನಿಂದ ಪ್ರಕಟವಾಯಿತು. ಕನ್ನಡಕ್ಕೆ ಅದು ಬಂದದ್ದು ಪಾಠಪುಸ್ತಕದ ಒಂದು ಸಾಲಾಗಿ.

ಆ ಸಾಲು ನಮಗೆಲ್ಲ ಬಾಯಿಪಾಠ: ಅಶೋಕನ ಹೆಸರಿರುವ ಶಾಸನ ಮಸ್ಕಿಯದು. ಜೇಮ್ಸ್ ಪ್ರಿನ್ಸೆಪ್ 1837ರಲ್ಲಿ ಬ್ರಾಹ್ಮಿಯನ್ನು ಓದಿದಾಗ ಶಾಸನಗಳಲ್ಲಿ ಸಿಕ್ಕಿದ್ದು ದೇವಾನಾಂಪ್ರಿಯ, ಪ್ರಿಯದರ್ಶಿ ಎಂಬ ಬಿರುದುಗಳು. ಅವು ಅಶೋಕನವೆಂದು ಒಪ್ಪಲು ಸಿಂಹಳದ ಗ್ರಂಥಗಳ ನೆರವು ಬೇಕಾಗಿತ್ತು. ಮಸ್ಕಿಯಲ್ಲಿ ಬಿರುದಿನ ಪಕ್ಕದಲ್ಲೇ ಹೆಸರಿತ್ತು. ಆಮೇಲೆ ಮಧ್ಯಪ್ರದೇಶದ ಗುಜರ್ರಾದಲ್ಲಿ, ನಮ್ಮದೇ ಬಳ್ಳಾರಿ ಜಿಲ್ಲೆಯ ನಿಟ್ಟೂರು ಮತ್ತು ಉದೆಗೋಳಗಳಲ್ಲೂ ಹೆಸರು ಸಿಕ್ಕಿದೆ, ಆದರೂ ನಮ್ಮ ನೆನಪಿನಲ್ಲಿ ಉಳಿದದ್ದು ಮಸ್ಕಿಯೊಂದೇ. ಇರಲಿ. ನನ್ನ ತಕರಾರು ಬೇರೆ. ಹೆಸರಿನ ಗದ್ದಲದಲ್ಲಿ ಶಾಸನ ಏನು ಹೇಳುತ್ತದೆ ಎಂದು ಯಾರೂ ನಮಗೆ ಹೇಳಲಿಲ್ಲ. ತಾನು ಉಪಾಸಕನಾಗಿ ಎರಡೂವರೆ ವರ್ಷವಾಯಿತು ಎಂದು ಶುರುಮಾಡುವ ಅರಸ, ಧರ್ಮದಿಂದ ಸಿಗುವ ಫಲ ದೊಡ್ಡವರಿಗೆ ಮಾತ್ರ ಎಂದು ತಿಳಿಯಬೇಡಿ, ಸಣ್ಣವರಿಗೂ ಅದು ಎಟುಕುತ್ತದೆ, ಇಬ್ಬರಿಗೂ ಇದನ್ನು ತಿಳಿಸಿ ಎನ್ನುತ್ತಾನೆ. ಬಂಡೆಯ ಮೇಲಿನ ಮಾತು ಸಣ್ಣವರ ಕುರಿತದ್ದು. ನಮ್ಮ ಪಾಠದಲ್ಲಿ ಉಳಿದದ್ದು ದೊಡ್ಡವನ ಹೆಸರು.

ಈಗಿನ ಸುದ್ದಿಯಲ್ಲೂ ಅದೇ ಆಗಿದೆ, ಹೆಸರಿನ ಜಾಗದಲ್ಲಿ ಇಸವಿ ಬಂದು ಕೂತಿದೆ. ನಾಲ್ಕು ಸಾವಿರ ವರ್ಷ ಎಂಬುದು ಈ ಸೀಮೆಗೆ ಹೊಸ ಸಂಗತಿಯೇ ಅಲ್ಲ. ಮಸ್ಕಿಯನ್ನು ಬಿ.ಕೆ. ಥಾಪರ್ 1954ರಲ್ಲೇ ಅಗೆದು, 1957ರಲ್ಲಿ 'ಏನ್ಷಿಯೆಂಟ್ ಇಂಡಿಯಾ'ದಲ್ಲಿ ವಿವರವಾದ ವರದಿ ಪ್ರಕಟಿಸಿದರು. ರೇಮಂಡ್ ಆಲ್ಚಿನ್ 1957ರಲ್ಲಿ ಅಗೆದ ಉಟ್ನೂರಿನ ಬೂದಿದಿಬ್ಬ ಇಂದು ತೆಲಂಗಾಣದಲ್ಲಿದೆ, ರಾಯಚೂರಿನಿಂದ ದೂರವಿಲ್ಲ. ರಾಕ್ಷಸರನ್ನು ಸುಟ್ಟ ಬೂದಿ ಎಂದು ಊರವರು ಹೇಳುತ್ತಿದ್ದ ಇಂಥ ದಿಬ್ಬಗಳು, ದನದ ದೊಡ್ಡಿಯಲ್ಲಿ ವರ್ಷವರ್ಷ ಶೇಖರವಾದ ಸಗಣಿಯನ್ನು ಸುಟ್ಟು ಆದವು ಎಂದು ಅವರು ತೋರಿಸಿದರು. ದಕ್ಷಿಣದ ನವಶಿಲಾಯುಗ ಕ್ರಿ.ಪೂ. 3000ದ ಆಸುಪಾಸಿಗೆ ಹೋಗುತ್ತದೆ ಎಂಬುದು ವಿದ್ವಾಂಸರಿಗೆ ಎಷ್ಟೋ ಕಾಲದಿಂದ ಗೊತ್ತು. ಸುರಪುರ ಸೀಮೆಯ ಬೂದಿಹಾಳದಲ್ಲಿ ಅಗೆದ ಕೆ. ಪದ್ದಯ್ಯ, ಇವು ಬರೀ ದೊಡ್ಡಿಗಳಲ್ಲ, ಜನ ಸಂಸಾರ ಹೂಡಿ ಬದುಕಿದ ಊರುಗಳು ಎಂದು ವಾದಿಸಿದರು. ಅಲ್ಲಿ ದನ ಕಡಿದು ಮಾಂಸ ಹಂಚಿಕೊಂಡ ನೆಲಗಟ್ಟು ಕೂಡ ಸಿಕ್ಕಿದೆ. ಇದನ್ನೆಲ್ಲ ಬಿಟ್ಟು 'ನಾಲ್ಕು ಸಾವಿರ' ಎಂದು ಬೆರಗಾಗುವುದು ಎಪ್ಪತ್ತು ವರ್ಷದ ಓದನ್ನು ಅಳಿಸಿದಂತೆ.

ಈ ಇಸವಿಯ ಆಸೆ ಎಲ್ಲಿಂದ ಬರುತ್ತದೆಂದು ನನಗೆ ಗೊತ್ತಿಲ್ಲದೆ ಇಲ್ಲ. 2025ರ ಜನವರಿಯಲ್ಲಿ ತಮಿಳುನಾಡು ಸರ್ಕಾರ ಶಿವಗಳೈಯ ಕಬ್ಬಿಣದ ಕಾಲವನ್ನು ಕ್ರಿ.ಪೂ. 3345ರವರೆಗೆ ಒಯ್ಯುವ ವರದಿಯನ್ನು ಬಿಡುಗಡೆ ಮಾಡಿತು, ಮುಖ್ಯಮಂತ್ರಿಗಳೇ ಪ್ರಕಟಿಸಿದರು. ಒಂದು ರಾಜ್ಯ ಸಂಖ್ಯೆ ಹೇಳಿದರೆ ಪಕ್ಕದ ರಾಜ್ಯಕ್ಕೂ ಒಂದು ಸಂಖ್ಯೆ ಬೇಕಾಗುತ್ತದೆ. ಊರು ಬಿಟ್ಟು ಬಂದ ನಮಗಂತೂ ಇನ್ನೂ ಹೆಚ್ಚು ಬೇಕು. ಆಫೀಸಿನಲ್ಲಿ ರಾಯಚೂರು ಎಂದರೆ ಬಿಸಿಲು, ಹಿಂದುಳಿದ ಜಿಲ್ಲೆ, ಗುಳೆ ಹೋಗುವ ಜನ ಎಂದಷ್ಟೇ ತಿಳಿದವರ ಮುಂದೆ ನಾಲ್ಕು ಸಾವಿರ ವರ್ಷ ಒಂದು ಸರ್ಟಿಫಿಕೇಟಿನಂತೆ ಕೆಲಸ ಮಾಡುತ್ತದೆ. ಆದರೆ ಹಳತನದಲ್ಲಿ ಗೆದ್ದವರು ನಾಳೆ ಇನ್ನೊಂದು ಪ್ರಯೋಗಶಾಲೆಯ ವರದಿಯಿಂದ ಸೋಲುತ್ತಾರೆ, ಆಗ ಕೈಯಲ್ಲಿ ಉಳಿಯುವುದೇನು?

ಬಾವರ್ ಮತ್ತು ಜೊಹಾನ್ಸನ್‌ರ ಬರಹಗಳನ್ನು ನಾನು ಓದಿದ್ದು ಈ ಪ್ರಶ್ನೆ ಇಟ್ಟುಕೊಂಡೇ. ಅವರ ತಂಡ ಮಸ್ಕಿ ಸುತ್ತ ಕೆಲಸ ಶುರುಮಾಡಿದ್ದು 2010ರಲ್ಲಿ. ಮೊದಲು ಹೊಲ, ಗುಡ್ಡ, ಹಳ್ಳಗಳನ್ನು ನಡೆದು ನೋಡಿದರು. ಮಡಕೆ ಚೂರು, ಕಬ್ಬಿಣದ ಕಿಟ್ಟ, ಸಾಲುಗಲ್ಲು ಎಲ್ಲೆಲ್ಲಿ ಬಿದ್ದಿವೆಯೆಂದು ಗುರುತಿಸಿದರು. 'ಅಮೆರಿಕನ್ ಆಂತ್ರಪಾಲಜಿಸ್ಟ್' ಪತ್ರಿಕೆಯಲ್ಲಿ 2018ರಲ್ಲಿ ಇಬ್ಬರೂ ಸೇರಿ ಬರೆದ ಲೇಖನ ಕಬ್ಬಿಣಯುಗದ ನೀರು ಮತ್ತು ಕಬ್ಬಿಣದ ಬಗ್ಗೆ. ಇವೆರಡನ್ನೂ ಅವರು ನೆಲದಲ್ಲಿ ಸುಮ್ಮನೆ ಬಿದ್ದಿರುವ ಸಂಪತ್ತೆಂದು ನೋಡುವುದಿಲ್ಲ. ನೀರು ಎಲ್ಲಿ ನಿಲ್ಲಬೇಕು, ಯಾರ ದನ ಅಲ್ಲಿ ಇಳಿಯಬೇಕು, ಕಾಯಿಸಿ ಬಡಿಯುವ ಕೆಲಸ ಯಾರದು ಎಂಬುದರ ಸುತ್ತ ಗುಂಪುಗಳು ಕಟ್ಟಿಕೊಂಡವು, ಅಧಿಕಾರ ಅಲ್ಲಿ ಹುಟ್ಟಿತು ಎಂಬ ದಿಕ್ಕಿನ ಓದು ಅದು. ಕೃಷ್ಣಾ-ತುಂಗಭದ್ರಾ ನಡುವೆ ಹುಟ್ಟಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕಾಲುವೆಯ ಕೊನೇ ಭಾಗದ ಹೊಲದವರಿಗಂತೂ ಬೇಡವೇ ಬೇಡ.

ಒಪ್ಪದ ಜಾಗಗಳೂ ಇವೆ. ಬಾವರ್ ಅವರ 2015ರ ಪುಸ್ತಕ ತುಂಗಭದ್ರಾ ಬಯಲಿನ ಪ್ರಾಗೈತಿಹಾಸಿಕ ನೆಲದ ಬಗ್ಗೆ. ಹಿರೇಬೆಣಕಲ್ಲಿನ ಗುಡ್ಡದ ಮೇಲೆ ಜನ ಮೋರೇರ ಮನೆಗಳೆಂದು ಕರೆಯುವ ಕಲ್ಲಿನ ಕೋಣೆಗಳಂಥವುಗಳಿಂದ ಸಾಮಾಜಿಕ ಮೇಲುಕೀಳನ್ನು ಓದಿಕೊಳ್ಳುವುದು ಅದರ ದಾರಿ. ದೊಡ್ಡ ಚಪ್ಪಡಿ ಎತ್ತಲು ಹತ್ತಾರು ಜನ ಬೇಕು, ನಿಜ. ಆ ಹತ್ತಾರು ಜನ ಒಬ್ಬನ ಅಪ್ಪಣೆಗೆ ಬಂದರೋ, ನಮ್ಮಲ್ಲಿ ಮುಯ್ಯಾಳಾಗಿ ಬರುವಂತೆ ಇವತ್ತು ನಿನಗೆ ನಾಳೆ ನನಗೆ ಎಂದು ಬಂದರೋ, ಚಪ್ಪಡಿ ಹೇಳುವುದಿಲ್ಲ. ಇಂಥಲ್ಲಿ ಸಿದ್ಧಾಂತ ಕಲ್ಲಿಗಿಂತ ಮುಂದೆ ಓಡುತ್ತದೆ. ಭಾಷೆಯೂ ಕಗ್ಗಂಟು. ಎರಡು ಮಾತಿನಲ್ಲಿ ಮುಗಿಯುವುದಕ್ಕೆ ಎರಡು ಪುಟ, ಆ ಎರಡು ಪುಟದಲ್ಲಿ ನಮ್ಮ ಹಳ್ಳ-ಗುಡ್ಡಗಳು ಬರೀ 'ಭೂದೃಶ್ಯ'. ಆದರೂ ಸುದ್ದಿಪತ್ರಿಕೆಯ ಇಸವಿಗಿಂತ ಈ ಜಗಳಕ್ಕೆ ಬರುವ ಬರಹ ನನಗೆ ಸಾವಿರ ಪಾಲು ಮೇಲು, ಇದರೊಂದಿಗೆ ವಾದಿಸಬಹುದು.

ಮಲ್ಕಾಜ್‌ಗಿರಿಗೆ ಹೊಂದಿಕೊಂಡ ಮೌಲಾಲಿಯಲ್ಲೂ ಕಬ್ಬಿಣಯುಗದ ಸಮಾಧಿಗಳಿದ್ದವು. ಹೈದರಾಬಾದ್ ಸುತ್ತಿನ ಇಂಥ ಕಲ್ಗುಪ್ಪೆಗಳ ಬಗ್ಗೆ ಇ.ಎಚ್. ಹಂಟ್ 1924ರಲ್ಲೇ ಬರೆದಿದ್ದಾನೆ. ಅಲ್ಲಿಗೂ ಮಸ್ಕಿಗೂ ನಡುವೆ ಈಗ ರಾಜ್ಯದ ಗಡಿಯಿದೆ. ಆ ಕಾಲದ ಕಪ್ಪು-ಕೆಂಪು ಮಡಕೆಗೆ ಗಡಿ ಗೊತ್ತಿರಲಿಲ್ಲ, ಎರಡೂ ಕಡೆ ಅದೇ ಮಡಕೆ. ಅದು ಕನ್ನಡದ್ದೋ ತೆಲುಗಿನದ್ದೋ ಎಂದು ಕೇಳುವವರಿಗೆ ಮಡಕೆಯಿಂದ ಉತ್ತರ ಸಿಗದು. ಅದನ್ನು ಮಾಡಿದವರು ಏನು ಮಾತಾಡುತ್ತಿದ್ದರೆಂದು ಚೂರುಗಳಲ್ಲಿ ಬರೆದಿಲ್ಲ.

ಮಸ್ಕಿಯ ಹೊಸ ಅಗೆತದ ಪೂರ್ತಿ ವರದಿ ಬಂದಾಗ ನಾನು ಮೊದಲು ತೆರೆಯುವುದು ಕಾಳುಗಳ ಅಧ್ಯಾಯವನ್ನು, ಅಂಥದೊಂದು ಇದ್ದರೆ. ಬಳ್ಳಾರಿಯ ಸಂಗನಕಲ್ಲಿನಂಥ ಕಡೆ ಡೋರಿಯನ್ ಫುಲ್ಲರ್ ಮತ್ತಿತರರು ಬೂದಿಮಣ್ಣನ್ನು ನೀರಿನಲ್ಲಿ ತೇಲಿಸಿ, ಸುಟ್ಟು ಕರಕಾದ ಹುರುಳಿ, ಹೆಸರು, ಕೊರಲೆ ಹೆಕ್ಕಿದ್ದಾರೆ. ಮಸ್ಕಿಯವರು ಏನು ಉಣ್ಣುತ್ತಿದ್ದರು, ಮಳೆ ಕೈಕೊಟ್ಟ ವರ್ಷ ಎಲ್ಲಿಗೆ ಹೋಗುತ್ತಿದ್ದರು ಎಂಬುದನ್ನು ಅಂಥ ಒಂದು ಹಿಡಿ ಕಾಳಿನಿಂದ ಎಷ್ಟರಮಟ್ಟಿಗೆ ಹೇಳಬಹುದೋ ನೋಡಬೇಕು. ಥಾಪರರ ವರದಿಯನ್ನು ಅಷ್ಟರೊಳಗೆ ಯಾರಾದರೂ ಕನ್ನಡಕ್ಕೆ ತಂದರೆ, ಎರಡನ್ನೂ ಪಕ್ಕಪಕ್ಕ ಇಟ್ಟು ಓದಲು ಕಾಕಾನಿಗೂ ಕಳಿಸಬಹುದು. ಬಂಗಾರ ಸಿಕ್ಕಿಲ್ಲವೆಂದು ಅವರು ಬೇಜಾರಾಗುತ್ತಾರೆ, ಆದರೆ ಹುರುಳಿ ಎಂದರೆ ಓದುತ್ತಾರೆ.