ಮಂದಪ್ರಕಾಶದ ಪ್ರತಿದೀಪ್ತಿ ದರ್ಶನಕ್ಕೆ ಕ್ಯಾಮೆರಾ: ಒಂದು ವಿಮರ್ಶೆ

ಪ್ರತಿದೀಪ್ತಿ ಸೂಕ್ಷ್ಮದರ್ಶಕಕ್ಕೆ ಕ್ಯಾಮೆರಾವನ್ನು ಆರಿಸುವಾಗ ಮೊದಲು ಏಳುವ ಪ್ರಶ್ನೆ 'ಎಷ್ಟು ಮೆಗಾಪಿಕ್ಸೆಲ್?' ಎಂಬುದು. ಈ ಪ್ರಶ್ನೆಯೇ ದಾರಿ ತಪ್ಪಿಸತಕ್ಕದ್ದೆಂದು ನಮ್ಮ ಅಭಿಪ್ರಾಯ. ಜೀವಕೋಶದಿಂದ ಹೊರಡುವ ಬೆಳಕು ಅತ್ಯಲ್ಪ. ಅದನ್ನು ಹೆಚ್ಚಿಸಲೆಂದು ಉದ್ದೀಪಕ ಬೆಳಕನ್ನು ಬಲಪಡಿಸಿದರೆ ಬಣ್ಣ ಮಾಸುತ್ತದೆ, ಕೋಶವೂ ನಲುಗುತ್ತದೆ. ಆದಕಾರಣ ದೊರೆತ ಒಂದೊಂದು ಫೋಟಾನಿಗೂ ಬೆಲೆಯುಂಟು.

1969ರಲ್ಲಿ ಬೆಲ್ ಪ್ರಯೋಗಶಾಲೆಯಲ್ಲಿ ಬಾಯ್ಲ್ ಮತ್ತು ಸ್ಮಿತ್ ಕಲ್ಪಿಸಿದ ಸಿ.ಸಿ.ಡಿ. ಬಹುಕಾಲ ಈ ಕೆಲಸವನ್ನು ನಿರ್ವಹಿಸಿತು. ಓದುವಾಗ ಪ್ರತಿ ಪಿಕ್ಸೆಲಿಗೂ ಸುಮಾರು 6 ಎಲೆಕ್ಟ್ರಾನುಗಳಷ್ಟು ಗದ್ದಲ ಬೆರೆಯುವುದು ಅದರ ದೋಷ. ಇ.ಎಂ.ಸಿ.ಸಿ.ಡಿ.ಯಾದರೋ ಓದುವ ಮುನ್ನವೇ ಎಲೆಕ್ಟ್ರಾನುಗಳನ್ನು ನೂರಾರು ಮಡಿ ಹೆಚ್ಚಿಸಿ ಆ ಗದ್ದಲವನ್ನು ಮುಳುಗಿಸಿಬಿಡುತ್ತದೆ. 'ಅತ್ಯಂತ ಸೂಕ್ಷ್ಮಗ್ರಾಹಿ' ಎಂಬ ಬಿರುದು ಅದಕ್ಕೆ ಬಂದದ್ದು ಹೀಗೆ. ಆದರೆ ಈ ಗುಣನಕ್ರಿಯೆಯೂ ಆಕಸ್ಮಿಕಕ್ಕೆ ಅಧೀನವಾದುದರಿಂದ ಬೆಳಕಿನ ಸಹಜ ಏರಿಳಿತ ಸುಮಾರು 1.4 ಮಡಿಯಾಗುತ್ತದೆ, ಎಂದರೆ ಕೂಡಿಸಿದ ಬೆಳಕಿನ ಅರ್ಧವನ್ನು ಚೆಲ್ಲಿದಂತೆ. ಕ್ಯಾಟಲಾಗುಗಳು ಇದನ್ನು ಮೆಲುದನಿಯಲ್ಲಿ ಹೇಳುವುದೇ ವಾಡಿಕೆ.

2009ರಲ್ಲಿ ಪ್ರಕಟವಾದ ಎಸ್‌ಸಿಮಾಸ್ ಬಗೆಯೊಡನೆ ಇದನ್ನು ತೂಗಿ ನೋಡೋಣ. ಪಿಕ್ಸೆಲಿಗೆ 100 ಫೋಟಾನು ಬಿದ್ದವೆನ್ನಿ. ಶೇಕಡ 90ರ ಗ್ರಹಣಶಕ್ತಿಯ ಇ.ಎಂ.ಸಿ.ಸಿ.ಡಿ.ಯಲ್ಲಿ ಸಂಕೇತಕ್ಕೂ ಗದ್ದಲಕ್ಕೂ ಇರುವ ಪ್ರಮಾಣ 6.7, ಶೇಕಡ 95ರ ಗ್ರಹಣಶಕ್ತಿಯೂ 1.6 ಎಲೆಕ್ಟ್ರಾನಿನ ಗದ್ದಲವೂ ಇರುವ ಹಿಂಬೆಳಕಿನ ಎಸ್‌ಸಿಮಾಸ್‌ನಲ್ಲಿ 9.6. ಫೋಟಾನುಗಳು ಎರಡು ಮೂರಕ್ಕಿಳಿದಾಗ ಮಾತ್ರ ಎರಡೂ ಸಮವಾಗುತ್ತವೆ. ಅದಕ್ಕೂ ಕೆಳಗೆ ಇ.ಎಂ.ಸಿ.ಸಿ.ಡಿ. ಗೆಲ್ಲುತ್ತದೆ. ಒಂಟಿ ಅಣುಗಳ ಅತಿಮಂದ ಬೆಳಕನ್ನು ಹಿಡಿಯುವವರಿಗೆ ಅದು ಇಂದಿಗೂ ತ್ಯಾಜ್ಯವಲ್ಲ.

ಹೋಲಿಕೆ ನ್ಯಾಯವಾಗಿರಬೇಕಾದರೆ ಪಿಕ್ಸೆಲಿನ ಅಳತೆಯನ್ನು ಮರೆಯುವಂತಿಲ್ಲ. ಒಂದರದು 16 ಮೈಕ್ರಾನು, ಇನ್ನೊಂದರದು 6.5, ವಿಸ್ತೀರ್ಣದಲ್ಲಿ ಆರು ಮಡಿ ಅಂತರ. ಒಂದೇ ವರ್ಧನದಲ್ಲಿ ದೊಡ್ಡ ಪಿಕ್ಸೆಲು ಹೆಚ್ಚು ಹೊಳೆಯುವುದು ಸಹಜವೇ. ಆದರೆ 1.4 ರಂಧ್ರಸಂಖ್ಯೆಯ 60 ಮಡಿಯ ವಸ್ತುಮಸೂರ ತೋರುವ ವಿವರವನ್ನು ಹಿಡಿಯಲು 6.5 ಮೈಕ್ರಾನಿನದು ಸಾಕು. 16ರದಕ್ಕೆ ಸುಮಾರು 140 ಮಡಿ ವರ್ಧನ ಬೇಕು. ಆಗ ಆ ಹೊಳಪೂ ಉಳಿಯದು.

ವರ್ಣಕ್ಯಾಮೆರಾದ ಮಾತೇ ಬೇಡ. ಅದರ ಸೋಸುಗಗಳು ಬೆಳಕಿನ ಬಹುಭಾಗವನ್ನು ನುಂಗುತ್ತವೆ.

ಇಷ್ಟೆಲ್ಲ ಚರ್ಚಿಸಿದ ಮೇಲೂ, ಹಲವೆಡೆ ಕೊರತೆ ಕ್ಯಾಮೆರಾದ್ದೇ ಅಲ್ಲ. ಮೇಲ್ಬೆಳಕಿನ ಪ್ರತಿದೀಪ್ತಿಯಲ್ಲಿ ಬಿಂಬದ ಹೊಳಪು ರಂಧ್ರಸಂಖ್ಯೆಯ ನಾಲ್ಕನೆಯ ಘಾತದಂತೆ ಏರುತ್ತದೆ. 40 ಮಡಿಯ ಮಸೂರದಲ್ಲೇ 0.65ರ ಬದಲು 1.3 ಇದ್ದರೆ ಹೊಳಪು ಹದಿನಾರು ಮಡಿ! ಯಾವ ಕ್ಯಾಮೆರಾವೂ ಇಷ್ಟನ್ನು ಕೊಡಲಾರದು. ಈ ಮಸೂರವಿಲ್ಲದ ವಿಭಾಗ ತನ್ನ ಅನುದಾನವನ್ನು ಮೊದಲು ಅದಕ್ಕೇ ವಿನಿಯೋಗಿಸಲಿ. ಅನಂತರ ಕ್ಯಾಮೆರಾಗಳನ್ನು ತರಿಸಿ, ತಮ್ಮದೇ ಮಾದರಿಯನ್ನು ಒಂದೇ ಉದ್ದೀಪನ, ಒಂದೇ ಅವಧಿಯಲ್ಲಿ ಚಿತ್ರಿಸಿ, ಪರದೆಯ ಹೊಳಪನ್ನು ನಂಬದೆ ಅಂಕಿಗಳನ್ನೇ ಅಳೆದು ನೋಡಲಿ.