ದಂಡೆ ತಗ್ಗಿದರೆ ತೊರೆ ಬದುಕೀತು

ಅಮೆರಿಕದ ಚೆಸಪೀಕ್ ಕೊಲ್ಲಿಯ ತಳದ ನೀರಿನಲ್ಲಿ ಪ್ರತಿ ಬೇಸಿಗೆಯೂ ಆಮ್ಲಜನಕ ಬತ್ತುತ್ತದೆ. ಆರು ರಾಜ್ಯಗಳ ಹೊಲಗೊಬ್ಬರ, ಕೋಳಿ ಫಾರಂಗಳ ಕಸ, ಊರುಗಳ ಕೊಳಚೆ ಹೊತ್ತು ತರುವ ಸಾರಜನಕವನ್ನು ಉಂಡು ಪಾಚಿ ಹಬ್ಬುತ್ತದೆ. ಅದು ಸತ್ತು ಕೊಳೆಯುವಾಗ ಮೀನು, ಏಡಿಗಳಿಗೆ ಉಸಿರಿಲ್ಲ. 2010ರಲ್ಲಿ ಅಲ್ಲಿನ ಕೇಂದ್ರ ಪರಿಸರ ಸಂಸ್ಥೆ ಈ ಹೊರೆಗೆ ಮಿತಿ ಹಾಕಿ 2025ರ ಗಡುವು ಕೊಟ್ಟಿತು. ಊರಾಡಳಿತಗಳು ನೆಚ್ಚಿದ ದಾರಿಗಳಲ್ಲಿ ತೊರೆಗಳ ಪುನಶ್ಚೇತನವೂ ಒಂದು. ಗಡುವು ಕಳೆದಿದೆ, ಗುರಿ ಕೈಗೆ ಸಿಕ್ಕಿಲ್ಲ.

ತೊರೆ ಪುನಶ್ಚೇತನದ ಹಿಂದಿನ ವಿಜ್ಞಾನ ಗಟ್ಟಿಯಾದದ್ದೇ. ಗಾಳಿಯಾಡದ ಒದ್ದೆ ಮಣ್ಣಿನಲ್ಲಿರುವ ಬ್ಯಾಕ್ಟೀರಿಯಾಗಳು ಕೊಳೆತ ಎಲೆಗಳನ್ನು ತಿನ್ನುತ್ತಾ, ಆಮ್ಲಜನಕದ ಬದಲು ನೈಟ್ರೇಟನ್ನು ಉಸಿರಾಡುತ್ತವೆ. ನೈಟ್ರೇಟಿನಲ್ಲಿದ್ದ ಸಾರಜನಕ ನಿರುಪದ್ರವಿ ಅನಿಲವಾಗಿ ಗಾಳಿಗೆ ಮರಳುತ್ತದೆ. ಇದಕ್ಕೆ ಬೇಕಾದದ್ದು ಮೂರೇ: ತೇವ, ಎಲೆ, ಸಮಯ. ಕಾಂಕ್ರೀಟು, ಡಾಂಬರಿನ ಮೇಲಿಂದ ಧುಮುಕುವ ಮಳೆನೀರು ನಗರದ ತೊರೆಯನ್ನು ಆಳಕ್ಕೆ ಕೊರೆದು ಈ ಮೂರನ್ನೂ ಕಿತ್ತುಕೊಳ್ಳುತ್ತದೆ. ದಂಡೆ ಎತ್ತರವಾಗುತ್ತದೆ, ಅಂತರ್ಜಲ ಕೆಳಗಿಳಿಯುತ್ತದೆ, ಪಕ್ಕದ ಬಯಲು ಒಣಗುತ್ತದೆ.

ಬಾಲ್ಟಿಮೋರ್ ಬಳಿಯ ಮೈನ್‌ಬ್ಯಾಂಕ್ ರನ್ ಎಂಬ ಪುಟ್ಟ ತೊರೆಯ ಬಗ್ಗೆ ಸುಜಯ್ ಕೌಶಲ್ ಮತ್ತು ಸಂಗಡಿಗರು 2008ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ನಾನು ಈ ಕ್ಷೇತ್ರದ ಒರೆಗಲ್ಲೆಂದೇ ಎಣಿಸುತ್ತೇನೆ. ದುರಸ್ತಿಯಾದ ಭಾಗದಲ್ಲಿ ನೈಟ್ರೇಟ್ ಕಳೆಯುವ ವೇಗ, ದುರಸ್ತಿಯಾಗದ ಭಾಗಕ್ಕೆ ಹೋಲಿಸಿದರೆ, ಸರಾಸರಿ ಎರಡು ಪಟ್ಟಿಗೂ ಮಿಕ್ಕಿತ್ತು. ಆದರೆ ಅದರೊಳಗೇ ಒಂದು ಭೇದವಿತ್ತು: ದಂಡೆಯನ್ನು ತಗ್ಗಿಸಿ, ಉಕ್ಕಿದ ನೀರು ಬಯಲಿಗೆ ಹಬ್ಬುವಂತೆ ಮಾಡಿದ ಕಡೆ ಫಲ ಹೆಚ್ಚು; ದುರಸ್ತಿಯಾದರೂ ದಂಡೆ ಎತ್ತರವೇ ಉಳಿದ ಕಡೆ ಕಡಿಮೆ. ಬಂಡೆ ಜೋಡಿಸಿ, ತಿರುವು ಕೆತ್ತಿ ತೊರೆಯನ್ನು ಚೆಂದಗಾಣಿಸಿದರೆ ಸಾಲದು ಎಂಬುದಕ್ಕೆ ಇನ್ನೇನು ಸಾಕ್ಷಿ ಬೇಕು?

ಪೆನ್ಸಿಲ್ವೇನಿಯದ ಬಿಗ್ ಸ್ಪ್ರಿಂಗ್ ರನ್ ತೊರೆಯಲ್ಲಿ ಇನ್ನೂ ದಿಟ್ಟ ಕೆಲಸ ನಡೆಯಿತು. ನೀರಿನಿಂದ ತಿರುಗುವ ಗಿರಣಿಗಳಿಗಾಗಿ ವಸಾಹತಿನ ಕಾಲದಿಂದ ಕಟ್ಟಿದ ಒಡ್ಡುಗಳ ಹಿಂದೆ ಹೂಳು ತುಂಬಿ ಆ ಭಾಗದ ಕಣಿವೆಗಳೇ ಮುಚ್ಚಿಹೋಗಿದ್ದವು. ಇಂದು ಸಹಜವೆನಿಸುವ ಎತ್ತರದ ದಂಡೆಗಳು ಆ ಹೂಳೇ ಎಂದು ಭೂವಿಜ್ಞಾನಿಗಳಾದ ರಾಬರ್ಟ್ ವಾಲ್ಟರ್ ಮತ್ತು ಡೊರೊತಿ ಮೆರಿಟ್ಸ್ 2008ರಲ್ಲಿ ತೋರಿಸಿದರು. 2011ರಲ್ಲಿ ಅಲ್ಲಿನ ಹೂಳನ್ನು ಎತ್ತಿಹಾಕಿ, ಅಡಿಯಲ್ಲಿದ್ದ ಹಳೆಯ ಜೌಗು ಹುಲ್ಲುಗಾವಲಿನ ಮಟ್ಟಕ್ಕೆ ನೆಲವನ್ನು ಇಳಿಸಲಾಯಿತು. ತೊರೆಯ ಚರಿತ್ರೆಯನ್ನು ಓದಿ ಮಾಡಿದ ಇಂಥ ಕೆಲಸ ನನ್ನ ಮೆಚ್ಚುಗೆಗೆ ಪಾತ್ರ.

ಆದರೆ ಬಹುಪಾಲು ಯೋಜನೆಗಳ ಫಲವನ್ನು ಯಾರೂ ಅಳೆಯುವುದೇ ಇಲ್ಲ. ಅಮೆರಿಕದ 37,000ಕ್ಕೂ ಹೆಚ್ಚು ಯೋಜನೆಗಳ ದಾಖಲೆ ಕಲೆಹಾಕಿದ 2005ರ ಒಂದು ಸಮೀಕ್ಷೆಯಲ್ಲಿ, ಯಾವುದೇ ಬಗೆಯ ಪರೀಕ್ಷೆ ನಡೆದ ಸುಳಿವು ಸಿಕ್ಕಿದ್ದು ಸುಮಾರು ಶೇ. 10ರಲ್ಲಿ ಮಾತ್ರ. ಚೆಸಪೀಕ್ ಜಲಾನಯನದಲ್ಲಂತೂ ದಂಡೆ ಕುಸಿಯದಂತೆ ತಡೆದದ್ದಕ್ಕೂ, ಆ ಮಣ್ಣಿನಲ್ಲಿದ್ದ ಸಾರಜನಕವನ್ನು ಲೆಕ್ಕ ಹಾಕಿ, ಗುರಿಯ ಲೆಕ್ಕದಲ್ಲಿ ಊರಾಡಳಿತಕ್ಕೆ ಅಂಕ ಸಿಗುತ್ತದೆ. ಹರಿಯುವ ನೀರಿನ ನೈಟ್ರೇಟ್ ಇಳಿಯಿತೇ ಎಂಬ ಪ್ರಶ್ನೆ ಅಲ್ಲಿ ಹಿಂದೆ ಬೀಳುತ್ತದೆ.

ನನ್ನನ್ನು ಹೆಚ್ಚು ನೋಯಿಸುವುದು ಮರಗಳ ಪಾಡು. ಯಂತ್ರಗಳಿಗೆ ದಾರಿ ಮಾಡಲು ಮೇರಿಲ್ಯಾಂಡಿನಲ್ಲಿ ತೊರೆಬದಿಯ ದೊಡ್ಡ ಮರಗಳನ್ನೇ ಕಡಿದು, ಸ್ಥಳೀಯರ ವಿರೋಧ ಕಟ್ಟಿಕೊಂಡ ಯೋಜನೆಗಳಿವೆ. ಬ್ಯಾಕ್ಟೀರಿಯಾಕ್ಕೆ ಎಲೆ ಉದುರಿಸುತ್ತಿದ್ದದ್ದು, ನೀರಿಗೆ ನೆರಳಾಗಿದ್ದದ್ದು ಅವೇ ಮರಗಳು. ಇತ್ತ ಮೇಲಿನ ಬಡಾವಣೆಯ ಸೋರುವ ಒಳಚರಂಡಿ, ಹುಲ್ಲುಹಾಸಿಗೆ ಸುರಿದ ಗೊಬ್ಬರ ಹಾಗೆಯೇ ಇವೆ. ದೊಡ್ಡ ಮಳೆಗೆ ರಭಸದಿಂದ ನುಗ್ಗುವ ನೀರು ಯಾವ ಜೌಗಿನಲ್ಲೂ ಸಾಕಷ್ಟು ಹೊತ್ತು ನಿಲ್ಲುವುದಿಲ್ಲ. ತೊರೆ ದುರಸ್ತಿಗೆ ಸುರಿಯುವ ಹಣದ ಮೊದಲ ಕಂತು ಒಳಚರಂಡಿಗೂ ಮಳೆನೀರು ಇಂಗಿಸುವುದಕ್ಕೂ ಹೋಗಬೇಕು. ತೊರೆಗೆ ಕೈ ಹಾಕುವುದು ಆಮೇಲೆ, ಅದೂ ದಂಡೆ ತಗ್ಗಿಸಲು ಬಯಲು ಉಳಿದಿರುವ ಕಡೆ ಮಾತ್ರ.