ಮಂದದೃಷ್ಟಿಯವರ ಓದು: ಅಳತೆಗೋಲಿನ ವಿಮರ್ಶೆ

ಮಂದದೃಷ್ಟಿಯುಳ್ಳ ವಿದ್ಯಾರ್ಥಿಯು ಎಷ್ಟು ಸಣ್ಣ ಅಕ್ಷರವನ್ನು ಕಾಣಬಲ್ಲನೆಂಬುದು ಒಂದು ಪ್ರಶ್ನೆ. ಎಷ್ಟು ಗಾತ್ರದ ಅಕ್ಷರವನ್ನು ಸರಾಗವಾಗಿ ಓದಬಲ್ಲನೆಂಬುದು ಮತ್ತೊಂದು. ೧೮೬೨ರಲ್ಲಿ ಡಚ್ ನೇತ್ರವೈದ್ಯ ಸ್ನೆಲೆನ್ ರಚಿಸಿದ ಅಕ್ಷರಫಲಕವು ಮೊದಲನೆಯದಕ್ಕೆ ಮಾತ್ರ ಉತ್ತರ ಹೇಳುತ್ತದೆ. ನಮ್ಮ ದೇಶದ ೨೦೧೬ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಅಧಿನಿಯಮವೂ ಮಂದದೃಷ್ಟಿಯನ್ನು ದೃಷ್ಟಿಯ ತೀಕ್ಷ್ಣತೆ, ದೃಷ್ಟಿಕ್ಷೇತ್ರ ಇವೆರಡರಿಂದಲೇ ನಿರ್ಣಯಿಸುತ್ತದೆ. ಓದಿನ ವೇಗವನ್ನು ಕೇಳುವುದಿಲ್ಲ.

ಇಪ್ಪತ್ತನೆಯ ಶತಮಾನದ ಕೊನೆಯಲ್ಲಿ ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾನಿಲಯದ ಲೆಗ್ ಮತ್ತು ಸಂಗಡಿಗರು ರೂಪಿಸಿದ ಎಂಎನ್‌ರೀಡ್ ಫಲಕವು ಈ ಕೊರತೆಯನ್ನು ನೀಗಿತು. ತಲಾ ೬೦ ಅಕ್ಷರಸ್ಥಾನಗಳ ಸರಳ ವಾಕ್ಯಗಳು ಅದರಲ್ಲಿ ಕ್ರಮವಾಗಿ ಗಾತ್ರದಲ್ಲಿ ಕುಗ್ಗುತ್ತವೆ. ಒಂದೊಂದನ್ನು ಓದಿದ ಕಾಲವನ್ನು ಗುರುತಿಸಿಕೊಂಡರೆ, ಯಾವ ಗಾತ್ರದಲ್ಲಿ ವೇಗವು ಕುಸಿಯತೊಡಗುತ್ತದೆಂಬುದು ತಿಳಿಯುತ್ತದೆ. ಆ ಮೇರೆಯ ಕೆಳಗೆ ಓದುಗನು ತಡವರಿಸುತ್ತ ಅಕ್ಷರಗಳನ್ನು ಕೂಡಿಸಿಕೊಳ್ಳುತ್ತಾನೆ. ಪ್ರಶ್ನಪತ್ರಿಕೆಯನ್ನು ಅದಕ್ಕಿಂತ ಸಣ್ಣದಾಗಿ ಅಚ್ಚುಹಾಕಿ ಕೊಟ್ಟರೆ, ನಾವು ಪರೀಕ್ಷಿಸುವುದು ಅವನ ಕಣ್ಣನ್ನೇ ಹೊರತು ವಿದ್ಯೆಯನ್ನಲ್ಲ.

ಆದರೂ ಈ ಮಾನವನ್ನು ಇದ್ದಂತೆಯೇ ಕನ್ನಡಕ್ಕೆ ತರುವುದು ತಕ್ಕುದೆಂದು ನಮಗೆ ತೋರುವುದಿಲ್ಲ. ಇಂಗ್ಲಿಷಿನಲ್ಲಿ ಗಾತ್ರವನ್ನು ಚಿಕ್ಕಬರಹದ ‘ಎಕ್ಸ್’ ಅಕ್ಷರದ ಎತ್ತರದಿಂದ ಅಳೆಯುತ್ತಾರೆ. ಕನ್ನಡದಲ್ಲಿಯಾದರೋ ಒತ್ತಕ್ಷರವು ಮೂಲಾಕ್ಷರಕ್ಕಿಂತ ಸಣ್ಣದಾಗಿ ಕೆಳಗೆ ನಿಲ್ಲುತ್ತದೆ. ‘ಪಕ್ಕ’ ‘ಪಕ್ಷ’ಗಳ ಭೇದವೆಲ್ಲ ಅದರಲ್ಲಿಯೇ ಇದೆ. ಆದುದರಿಂದ ಕನ್ನಡ ಫಲಕದ ಅಳತೆಯು ಒತ್ತಕ್ಷರದಿಂದಲೇ ಮೊದಲಾಗಬೇಕೆಂಬುದು ನಮ್ಮ ಅಭಿಪ್ರಾಯ.